ಬಂದ ದಾರಿಯಲ್ಲಿ ಮರಳಬಾರದು

ನವೆಂಬರ್ 30, ಭಾನುವಾರ

ಇವತ್ತಿನಿಂದ ಆಗಮನ ಕಾಲ ಶುರು. ಕ್ರಿಸ್ಮಸ್ಸಿಗೆ ಮನಸ್ಸನ್ನು ಸಜ್ಜು ಮಾಡಿಕೊಳ್ಳುವ ದಿನಗಳು ಎನ್ನುತ್ತಾರೆ. ನನ್ನ ಮನಸ್ಸು ಕೇಳುತ್ತಿರುವುದು ಒಂದಿಷ್ಟು ನಿದ್ದೆ, ಬೇರೇನೂ ಅಲ್ಲ.

ಪೂಜೆ ಅರ್ಧ ಆದ ಮೇಲೆ ಚರ್ಚಿಗೆ ಹೋದೆ. ಇವರಿಗೆ ಮೈ ಒರೆಸಿ, ಗಂಜಿ ಕುಡಿಸಿ, ಪಕ್ಕದ ಮನೆಯ ನೀಲಾಂಬಿಕೆಯನ್ನು ಹತ್ತಿರ ಕೂರಿಸಿ ಹೊರಡುವುದೇ ಒಂದು ದೊಡ್ಡ ಕೆಲಸ. ಪಾಸ್ಕ ಹಬ್ಬ, ಅಂದರೆ ಈಸ್ಟರ್, ಆದ ವಾರ ಲಕ್ವ ಹೊಡೆದು ಇವರ ಬಲಗೈ, ಬಲಗಾಲು ಬಿದ್ದುಹೋದವು. ಮಾತೂ ಹೋಯಿತು. ನೀರು, ಬೇಡ, ಸಾಕು ಎಂಬಂಥ ಕೆಲವು ಚೂರುಗಳು ಉಳಿದಿವೆ. ಅಷ್ಟು ವರ್ಷ ಉಪದೇಶಿಯಾಗಿ ಊರೂರಿನ ಮಕ್ಕಳಿಗೆ ಜಪ ಹೇಳಿಕೊಟ್ಟ ಇನ್ನಾಸಪ್ಪನವರ ಪಾಲಿಗೆ ಉಳಿದದ್ದು ಇಷ್ಟೇ.

ಪೂಜೆ ಮುಗಿದು ಚಪ್ಪಲಿ ಮೆಟ್ಟುತ್ತಿದ್ದೆ. ಹೊಸ ಫಾದರ್ ಬಾಗಿಲಲ್ಲೇ ಹಿಡಿದರು.

“ತೆರೇಸಮ್ಮನವರೇ, ಮೂರು ರಾಯರ ಹಬ್ಬದ ದಿನ ಪ್ರತಿ ವರ್ಷ ನಿಮ್ಮ ಯಜಮಾನರೇ ಮಾತಾಡ್ತಿದ್ದರಂತೆ. ಈ ಸಲ ನೀವು ಮಾತಾಡಿ. ಆ ಜ್ಞಾನಿಗಳ ಪಯಣಕ್ಕೂ ನಮ್ಮ ಬಾಳಿಗೂ ಏನು ಸಂಬಂಧ, ಅಷ್ಟೇ. ಚಿಕ್ಕದಾಗಿ.”

“ನಾನು ಬಟ್ಟೆ ಹೊಲಿಯೋಳು ಫಾದರ್. ನಂಗೇನ್ ಗೊತ್ತಾಯ್ತದೆ?”

“ಅವರ ಜೊತೆ ಇಷ್ಟು ವರ್ಷ ಬಾಳಿದ್ದೀರಲ್ಲ” ಎಂದು ನಕ್ಕು ಬೇರೆಯವರ ಕಡೆ ತಿರುಗಿದರು. ಬಾಳಿದವರಿಗೆಲ್ಲ ಅರ್ಥ ತಿಳಿಯುವುದಾದರೆ ಫಾದರುಗಳು ಯಾಕೆ ಬೇಕಿತ್ತು.

ಪೂಜೆಯ ಕೊನೆಯಲ್ಲಿ ರಾಯರ ಸರದಿಯನ್ನೂ ಓದಿದ್ದರು. ಇದು ನಮ್ಮ ಚರ್ಚಿನ ಹಳೆಯ ಪದ್ಧತಿ. ಕ್ರಿಸ್ಮಸ್ ದಿನ ಗೋದಲಿಯಲ್ಲಿ ಬಾಲಯೇಸು ಇರುತ್ತಾನೆ, ಮಾತೆ ಮರಿಯಮ್ಮ, ಸಂತ ಜೋಸೆಫರು, ದನಕರು ಎಲ್ಲ ಇರುತ್ತವೆ, ನಕ್ಷತ್ರದ ಹಿಂದೆ ಬಂದು ಮಗುವಿಗೆ ಚಿನ್ನ, ಧೂಪ, ರಕ್ತಬೋಳ ಕೊಟ್ಟ ಜ್ಞಾನಿಗಳು, ನಮ್ಮ ಮೂರು ರಾಯರು, ಮಾತ್ರ ಇರುವುದಿಲ್ಲ. ಅವರು ಇನ್ನೂ ದಾರಿಯಲ್ಲಿರುತ್ತಾರೆ. ಮರದ ಆ ಮೂರು ಬೊಂಬೆಗಳು ಬಿದಿರ ಮಂಕರಿಯಲ್ಲಿ ಕೂತು ಸುತ್ತಲ ಹಳ್ಳಿಗಳ ಕ್ರೈಸ್ತರ ಮನೆಗಳಲ್ಲಿ ಒಂದೊಂದು ರಾತ್ರಿ ತಂಗಿ, ಹಬ್ಬದ ಭಾನುವಾರ ಚರ್ಚು ಸೇರುತ್ತವೆ. ತಂಗಿಸಿಕೊಂಡ ಮನೆಯವರೇ ಮುಂದಿನ ಮನೆಗೆ ನಡೆದು ತಲುಪಿಸಬೇಕು. ತಲುಪಿಸಿದವರು ಬಂದ ದಾರಿಯಲ್ಲಿ ಮರಳಬಾರದು. ಮಗುವನ್ನು ಕೊಲ್ಲಲು ಕಾದಿದ್ದ ಹೆರೋದ ರಾಜನ ಹತ್ತಿರ ಹೋಗಬೇಡಿ ಎಂದು ಕನಸಿನಲ್ಲಿ ಎಚ್ಚರಿಕೆಯಾಗಿ ಜ್ಞಾನಿಗಳು ಬೇರೆ ದಾರಿ ಹಿಡಿದು ಊರಿಗೆ ಹೋದರಲ್ಲ, ಅದರ ನೆನಪಿಗೆ. ಈಗ ಎಲ್ಲರೂ ಸ್ಕೂಟರಿನಲ್ಲಿ ಹೋಗಿ ಸ್ಕೂಟರಿನಲ್ಲೇ ಬರುತ್ತಾರೆ. ಇವರೊಬ್ಬರು ಬಿಟ್ಟಿರಲಿಲ್ಲ.

ನಮ್ಮ ಮನೆಗೆ ಹೊಸ ವರ್ಷದ ದಿನ ಬರುತ್ತಾರೆ. ಮರುದಿನ ಪಕ್ಕದೂರಿನ ಸವೇರಪ್ಪನ ಮನೆಗೆ ತಲುಪಿಸಬೇಕು. ಯಾರು? ನಾನೇ.

ಡಿಸೆಂಬರ್ 3, ಬುಧವಾರ

ಬೆಳಿಗ್ಗೆ ಹಾಲಿನ ಡೈರಿಯಲ್ಲಿ ನೀಲಾಂಬಿಕೆ ನನ್ನ ಸೆರಗು ಹಿಡಿದು ಪಕ್ಕಕ್ಕೆ ಎಳೆದಳು.

“ತೆರೇಸಕ್ಕ, ನಿಮ್ ಜೆಸ್ಸಿಗೆ ಎಣ್ಮಗು ಆಗದಂತೆ ಕಣ್ರೀ. ಒಂದು ವಾರ ಆಯ್ತಂತೆ. ಕಟ್ಟೆಮಳಲವಾಡಿ ಕಡೆಯಿಂದ ಆಲಿನ ವ್ಯಾನ್ ಬತ್ತದಲ್ಲ, ಆ ಡ್ರೈವರ್ ಯೋಳ್ದ. ತಾಯಿ ಮಗು ಇಬ್ರೂ ಚೆಂದಾಗವ್ರಂತೆ.”

ಹೂಂ ಎಂದೆ. ಹಾಲು ಅಳೆಸಿಕೊಂಡೆ. ಕ್ಯಾನು ಅಲ್ಲೇ ಬಿಟ್ಟು ಮನೆಗೆ ಬಂದಿದ್ದೆ. ನೀಲಾಂಬಿಕೆಯೇ ತಂದುಕೊಟ್ಟಳು.

ನಮಗಿರುವ ಮಗಳು ಒಬ್ಬಳೇ, ಜೆಸಿಂತಾ. ಹೋದ ವರ್ಷ ಕಟ್ಟೆಮಳಲವಾಡಿಯ ಚೆಲುವರಾಜುವನ್ನು ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯಾದಳು. ಹುಡುಗ ಕೆಟ್ಟವನಲ್ಲ, ಅವರ ಮನೆಯವರೂ ಕೆಟ್ಟವರಲ್ಲ, ನಮ್ಮ ದೇವರು ಬೇರೆ, ಅವರ ದೇವರು ಬೇರೆ, ಅಷ್ಟೇ. ಉಪದೇಶಿಯ ಮಗಳು ಹೀಗೆ ಮಾಡಿದಳಲ್ಲ ಎಂದು ಜನ ಆಡಿಕೊಂಡರು. ಇವರು ಮೂರು ದಿನ ಊಟ ಬಿಟ್ಟರು, ಆಮೇಲೆ ನನ್ನನ್ನು ಕರೆದು ಜಪಸರ ಕೈಯಲ್ಲಿ ಹಿಡಿದು ಹೇಳಿದರು: ನಾನಿರುವ ತನಕ ಆ ಮನೆ ಹೊಸ್ತಿಲು ತುಳಿಯಬೇಡ. ಲಕ್ವ ಹೊಡೆದಾಗ ಅವಳು ಮೈಸೂರಿನ ಆಸ್ಪತ್ರೆಗೆ ಓಡಿ ಬಂದಿದ್ದಳು. ಇವರು ಅವಳನ್ನು ನೋಡಿ ಕಣ್ಣು ಮುಚ್ಚಿಕೊಂಡರು. ಅವಳು ಸುಮಾರು ಹೊತ್ತು ನಿಂತಿದ್ದು ಹೋದಳು.

ಇವರು ಗಟ್ಟಿಮುಟ್ಟಾಗಿದ್ದಾಗ ಜಗಳವಾಡಿಯಾದರೂ ಮಾತು ಮೀರಬಹುದಿತ್ತು. ಮಲಗಿರುವವರ ಮಾತನ್ನು ಮೀರುವುದು ಹೇಗೆ?

ಮೊದಲ ಬಾಣಂತನ ತವರಿನದು. ಅದನ್ನೂ ಅವಳ ಅತ್ತೆಯೇ ಮಾಡುತ್ತಿದ್ದಾರೆ. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತಿದೆ.

ಮಗುವನ್ನು ನೋಡಬೇಕು. ಒಂದೇ ಒಂದು ಸಲ.

ಡಿಸೆಂಬರ್ 5, ಶುಕ್ರವಾರ

ಭಾಷಣ ಬರೆಯಲು ಕೂತೆ. ನಕ್ಷತ್ರವೆಂದರೆ ವಿಶ್ವಾಸ. ಚಿನ್ನವೆಂದರೆ ಪ್ರೀತಿ. ಧೂಪವೆಂದರೆ ಪ್ರಾರ್ಥನೆ. ರಕ್ತಬೋಳವೆಂಬ ಕಹಿ ಮರದಂಟು ಎಂದರೆ ಸಂಕಟ. ಇಷ್ಟು ಬರೆದು ಓದಿದರೆ ನನಗೇ ಆಕಳಿಕೆ ಬಂತು. ಆ ಹಾಳೆಯನ್ನು ರವಿಕೆ ತೋಳಿನ ಅಳತೆಗೆ ಕತ್ತರಿಸಿಕೊಂಡೆ.

ನಿಜ ಹೇಳಬೇಕೆಂದರೆ ನಾನು ಪ್ರಾರ್ಥನೆ ಮಾಡಿ ಬಹಳ ದಿನವಾಯಿತು. ಬಾಯಿ ಜಪ ಮಾಡುತ್ತದೆ, ಕೈ ಅಷ್ಟರಲ್ಲಿ ಇವರ ಚಾದರ ಎಳೆಯುತ್ತಿರುತ್ತದೆ. ಮೇಲಿನವನಿಗೆ ಅದು ಕೇಳಿಸಿದರೂ ಯಾರ ಪ್ರಾರ್ಥನೆ ಎಂದು ಗುರುತು ಸಿಗಲಾರದು.

ಡಿಸೆಂಬರ್ 8, ಸೋಮವಾರ

ಇವರಿಗೆ ಹೇಳಿಬಿಟ್ಟೆ. ಗಡ್ಡ ಕೆರೆಯುತ್ತಿದ್ದೆ, ಆಗ ಇವರು ತಲೆ ಅಲ್ಲಾಡಿಸುವ ಹಾಗಿಲ್ಲವಲ್ಲ, ಅದೇ ಸರಿಯಾದ ಹೊತ್ತು ಅನ್ನಿಸಿತು.

“ಜೆಸ್ಸಿಗೆ ಮಗು ಆಗದೆ. ಎಣ್ಣು” ಎಂದೆ.

ಇವರು ಸೂರು ನೋಡುತ್ತಿದ್ದರು. ನೋಡುತ್ತಲೇ ಇದ್ದರು. “ಒಂದ್ ಗಳಿಗೆ ನೋಡ್ಕೊಂಡ್ ಬತ್ತೀನಿ ಕಣ್ರೀ” ಎಂದೆ.

“ಬೇಡ.”

ಆ ಮಾತು ಮಾತ್ರ ಎಷ್ಟು ಸಲೀಸಾಗಿ ಬರುತ್ತದೆ ಇವರಿಗೆ. ರೇಜರ್ ತೊಳೆದಿಟ್ಟೆ. ಒಂದು ಕೆನ್ನೆಯ ಗಡ್ಡ ಹಾಗೇ ಉಳಿದಿತ್ತು. ಮಧ್ಯಾಹ್ನ ನೀಲಾಂಬಿಕೆ ಬಂದವಳು ನೋಡಿ ನಕ್ಕಳು, ಆಮೇಲೆ ಅವಳೇ ಕೆರೆದಳು.

ಜೆಸ್ಸಿ ಹುಟ್ಟಿದಾಗ ಇವರ ಸಂಭ್ರಮ ನೆನಪಾಗುತ್ತಿದೆ. ಇವರ ವಂಶದಲ್ಲಿ ಎಲ್ಲರಿಗೂ ಒಂದೇ ಮೂಗು, ಉದ್ದನೆಯದು, ತುದಿ ಸ್ವಲ್ಪ ಕೆಳಗೆ ಬಾಗಿದ್ದು. ಹುಟ್ಟಿದ ಕೂಸಿಗೂ ಅದೇ ಇತ್ತು. ಹುಣಸೂರಿನ ಹೆರಿಗೆ ಆಸ್ಪತ್ರೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಇವರು ತಮ್ಮ ಮೂಗು ಮುಟ್ಟಿ ತೋರಿಸಿ, ಆಮೇಲೆ ತೊಟ್ಟಿಲು ತೋರಿಸಿದರು. ನರ್ಸಮ್ಮ ಗದರಿ ಹೊರಗೆ ಕಳಿಸಬೇಕಾಯಿತು.

ಡಿಸೆಂಬರ್ 16, ಮಂಗಳವಾರ

ಹುಣಸೂರಿಗೆ ಹೋಗಿದ್ದೆ. ಈ ಸಲ ಗೋದಲಿಯ ಮುಂದೆ ನಿಜವಾದ ಧೂಪ, ನಿಜವಾದ ರಕ್ತಬೋಳ ಇಡಬೇಕು, ಮಕ್ಕಳು ಮುಟ್ಟಿ ಮೂಸಿ ನೋಡಲಿ ಎಂದು ಕಾನ್ವೆಂಟಿನ ಸಿಸ್ಟರ್ ಹೇಳಿದ್ದರು. ಬಜಾರಿನ ಗ್ರಂದಿಗೆ ಅಂಗಡಿಯಲ್ಲಿ ಪುಟ್ಟಮಲ್ಲಪ್ಪ ಕನ್ನಡಕ ಮೇಲೇರಿಸಿ ಕೇಳಿದರು.

“ಸಾಂಬ್ರಾಣಿ, ರಕ್ತಬೋಳ. ಬಾಣಂತಿಗೇನವ್ವ?”

ಚರ್ಚಿಗೆ ಎನ್ನಬೇಕಿತ್ತು. “ಹೂಂ” ಎಂದೆ.

“ಮಗಳಿಗಾ?”

“ಹೂಂ.”

“ಅಂಗಾದ್ರೆ ಈ ಬೋಳ ಬ್ಯಾಡ, ಒಳಗೈತೆ ಒಳ್ಳೇದು, ತಾಳಿ. ಮಗೀಗೆ ನೀರ್ ಉಯ್ದಾದ್ಮೇಲೆ ಹೊಗೆ ಆಕೋಕೆ ಸಾಂಬ್ರಾಣಿ ಚೊಕ್ಕಟವಾಗಿರ್ಬೇಕು. ಓಮ, ಹಿಪ್ಪಲಿ, ಒಣಶುಂಠಿ ಎಲ್ಲಾ ಕಟ್ಲಾ?”

ಎಲ್ಲ ಕಟ್ಟಿಸಿಕೊಂಡೆ. ಚರ್ಚಿನದನ್ನು ಬೇರೆ ಪೊಟ್ಟಣ ಮಾಡಿಸಿದೆ. ಆ ಮನುಷ್ಯ ಬಾಣಂತಿಯ ಪಥ್ಯವನ್ನೆಲ್ಲ ಹೇಳುತ್ತಿದ್ದರೆ ನಾನು ತಲೆ ಆಡಿಸುತ್ತಾ ನಿಂತಿದ್ದೆ, ಮನೆಯಲ್ಲಿ ಮಗಳು ಕಾದಿದ್ದಾಳೆ ಎಂಬಂತೆ. ಬಸ್ಸಿನಲ್ಲಿ ಕೂತ ಮೇಲೆ ಅಳು ಬಂತು. ಪಕ್ಕದವಳು ಜಾಗ ಸರಿಯಾಯಿತಾ ಎಂದು ಕೇಳಿದಳು.

ಪೊಟ್ಟಣ ಟ್ರಂಕಿನಲ್ಲಿದೆ. ಇಟ್ಟುಕೊಂಡು ಏನು ಮಾಡುತ್ತೇನೋ ಗೊತ್ತಿಲ್ಲ. ಮನೆಯಲ್ಲಿ ಒಂದು ಸೀರೆ ಬಿಡದೆ ಎಲ್ಲಕ್ಕೂ ಅದರ ವಾಸನೆ ಹತ್ತಿದೆ.

ಡಿಸೆಂಬರ್ 20, ಶನಿವಾರ

ಇವರ ಬೆನ್ನು ಕೆಂಪಾಗುತ್ತಿದೆ. ಹುಣ್ಣಾಗಬಾರದು. ಹೊರಳಿಸಿ, ಹೊರಳಿಸಿ ನನ್ನ ರಟ್ಟೆ ಬಿದ್ದುಹೋಗಿದೆ. ಬೇರೆ ಬರೆಯುವುದೇನೂ ಇಲ್ಲ.

ಡಿಸೆಂಬರ್ 25, ಗುರುವಾರ

ಕ್ರಿಸ್ಮಸ್. ಫಾದರ್ ಮನೆಗೇ ಬಂದು ಇಬ್ಬರಿಗೂ ಪ್ರಸಾದ ಕೊಟ್ಟರು. ಇವರ ಕಣ್ಣಲ್ಲಿ ನೀರಿತ್ತು. ಹಬ್ಬಕ್ಕೆ ಕೋಳಿ ಮಾಡಿದೆ, ಇವರಿಗೆ ಸಾರು ಮಾತ್ರ. ಮೂರು ರಾಯರು ಚರ್ಚಿನಿಂದ ಹೊರಟರಂತೆ, ಬುಲೆಟ್ ಬೈಕಿನ ಮೇಲೆ.

“ಭಾಷಣ ಹೇಗೆ ಸಾಗಿದೆ?” ಎಂದರು ಫಾದರ್. ಸಾಗಿದೆ ಎಂದೆ. ಹಬ್ಬದ ದಿನ ಇದೊಂದು ಸುಳ್ಳು.

ಡಿಸೆಂಬರ್ 28, ಭಾನುವಾರ

ಇವತ್ತು ಇವರು ನಿದ್ದೆಹೋಗಿದ್ದಾಗ ಸುವಾರ್ತೆಯ ಆ ಭಾಗವನ್ನು ಮತ್ತೆ ಓದಿದೆ. ಚಿಕ್ಕಂದಿನಿಂದ ಕೇಳಿದ್ದೇ, ಆದರೂ ಇಂದು ಒಂದು ಕಡೆ ಕಣ್ಣು ನಿಂತಿತು. ಜ್ಞಾನಿಗಳು ಎಲ್ಲಿಂದಲೋ ಬಂದು ಜೆರುಸಲೇಮಿನಲ್ಲಿ ದಾರಿ ಕೇಳುತ್ತಾರೆ. ಮಗು ಎಲ್ಲಿ ಹುಟ್ಟಬೇಕೆಂದು ಅಲ್ಲಿನ ಶಾಸ್ತ್ರಿಗಳಿಗೆ ಚೆನ್ನಾಗಿ ಗೊತ್ತು. ಊರಿನ ಹೆಸರು ಹೇಳುತ್ತಾರೆ. ಬೆತ್ಲೆಹೇಮ್ ಅಲ್ಲಿಂದ ಎಷ್ಟು ಮಹಾ ದೂರ? ನಮ್ಮೂರಿಂದ ಹುಣಸೂರಿದ್ದ ಹಾಗೆ. ಅಷ್ಟಾದರೂ ಆ ಶಾಸ್ತ್ರಿಗಳಲ್ಲಿ ಒಬ್ಬನೂ ಎದ್ದು ಚಪ್ಪಲಿ ಮೆಟ್ಟಲಿಲ್ಲ. ಗೊತ್ತಿಲ್ಲದವರು ನಡೆದರು, ಗೊತ್ತಿದ್ದವರು ಕೂತರು.

ಇದನ್ನು ಭಾಷಣಕ್ಕೆ ಇಟ್ಟುಕೊಳ್ಳಬಹುದು. ಆ ಶಾಸ್ತ್ರಿಗಳ ಮೇಲೆ ನನಗೆ ನಿಜವಾಗಿಯೂ ಸಿಟ್ಟು ಬಂತು. ಅಷ್ಟು ಹತ್ತಿರ ಮಗುವನ್ನು ಇಟ್ಟುಕೊಂಡು ಏನು ಮನುಷ್ಯರಪ್ಪ ಇವರು!

ನೀಲಾಂಬಿಕೆಯ ಮನೆಯ ಭತ್ತದ ಕುಯ್ಲು ಮುಗಿಯಿತಂತೆ. ಇವರ ಮಂಚದ ಪಕ್ಕ ಕೂತು ಯಾರ ಗದ್ದೆಯಲ್ಲಿ ಏನಾಯಿತು ಎಂದು ಒಂದೂ ಬಿಡದೆ ವರದಿ ಒಪ್ಪಿಸಿದಳು. ಇವರು ಕಿವಿಗೊಟ್ಟು ಕೇಳುತ್ತಾರೆ. ನನ್ನ ಹತ್ತಿರ ಅಷ್ಟು ಸುದ್ದಿ ಇರುವುದಿಲ್ಲ.

ಜನವರಿ 1, ಗುರುವಾರ

ರಾಯರು ಬಂದರು. ಕಾರಿನ ಡಿಕ್ಕಿಯಲ್ಲಿ! ಇವರು ಹಾರ್ನ್ ಶಬ್ದ ಕೇಳಿಯೇ ಮುಖ ಗಂಟಿಕ್ಕಿಕೊಂಡರು. ತಂದವರು ಚಹಾ ಕುಡಿದು, ಇವರ ಕಾಲು ಮುಟ್ಟಿ, ಅದೇ ದಾರಿಯಲ್ಲಿ ಭರ್ರನೆ ಹೋದರು.

ಇವರ ಮಂಚದ ಎದುರಿಗೆ ಹೊಲಿಗೆ ಮಿಷನ್ನಿನ ಮೇಲೆ ಬಿಳಿ ಬಟ್ಟೆ ಹಾಸಿ ಮೂವರನ್ನೂ ನಿಲ್ಲಿಸಿದೆ. ಬಣ್ಣ ಹೋಗಿ ಒಳಗಿನ ಮರ ಕಾಣುತ್ತಿದೆ. ಎಷ್ಟು ಮನೆ, ಎಷ್ಟು ರಾತ್ರಿ ನೋಡಿವೆಯೋ. ಮೂವರೂ ದಣಿದಂತೆ ಕಂಡರು. ರಾಜರು ಎನ್ನಲು ಏನೂ ಇಲ್ಲ ಆ ಮುಖಗಳಲ್ಲಿ, ಬಸ್ಸು ತಪ್ಪಿ ನಿಲ್ದಾಣದಲ್ಲಿ ಕೂತವರ ಹಾಗೆ ಇದ್ದಾರೆ. ಮೊದಲ ಸಲ ಅವರ ಮೇಲೆ ಪ್ರೀತಿ ಬಂತು.

ಇವರು ಸಂಜೆಯೆಲ್ಲ ಅವರನ್ನೇ ನೋಡುತ್ತಿದ್ದರು. ನೀರು ಕೇಳಲಿಲ್ಲ, ಬೇಡ ಎನ್ನಲಿಲ್ಲ.

ಜನವರಿ 2, ಶುಕ್ರವಾರ

ಎಲ್ಲವನ್ನೂ ಬರೆಯುತ್ತೇನೆ.

ಬೆಳಿಗ್ಗೆ ನೀಲಾಂಬಿಕೆ ಬಂದ ಮೇಲೆ ಮಂಕರಿ ಎತ್ತಿಕೊಂಡೆ. ಇವರು ಎಡಗೈಯಿಂದ ನನ್ನ ಸೆರಗು ಹಿಡಿದರು.

“ಗ...” ಎಂದರು. ಮುಖವೆಲ್ಲ ಕೆಂಪಾಯಿತು. “ಗದ್ದೆ.”

ಇದು ಹೊಸ ಮಾತು. ಬಗ್ಗಿ ಕೇಳಿದೆ. “ಗದ್ದೆ ಏನ್ರೀ?”

“ಬೇಡ.”

ಅರ್ಥವಾಯಿತು. ನಮ್ಮೂರಿಗೂ ಸವೇರಪ್ಪನ ಊರಿಗೂ ಮೂರು ದಾರಿ. ಒಂದು ಟಾರು ರಸ್ತೆ. ಇನ್ನೊಂದು ಗದ್ದೆ ಬದುವಿನ ಒಳದಾರಿ, ಅದೇ ಹತ್ತಿರ. ಮೂರನೆಯದು ಕಾಲುವೆ ಏರಿಯ ದಾರಿ, ಅದು ಸುತ್ತು ಹಾಕಿ ಜೆಸ್ಸಿಯ ಊರು ಕಟ್ಟೆಮಳಲವಾಡಿಯ ಮೇಲೆ ಹೋಗುತ್ತದೆ. “ಬದು ಜಾರ್ತದೆ ಅಂತಾನಾ? ಆಯ್ತು, ಗದ್ದೆ ಮೇಲೆ ಬರಲ್ಲ ಬುಡಿ” ಎಂದೆ. ಇವರು ಸೆರಗು ಬಿಟ್ಟು ಕಣ್ಣು ಮುಚ್ಚಿದರು.

ಟಾರು ರಸ್ತೆಯಲ್ಲಿ ನಡೆದು ಹೋದೆ. ಹೊಗೆಸೊಪ್ಪಿನ ಮೂಟೆ ಹೇರಿಕೊಂಡ ಟೆಂಪೋಗಳು ಮುಖಕ್ಕೆ ದೂಳೆರಚಿದವು. ಸವೇರಪ್ಪನ ಹೆಂಡತಿ ಆರತಿ ಎತ್ತಿ ರಾಯರನ್ನು ಒಳಗೆ ಕರೆದುಕೊಂಡಳು. ಸವೇರಪ್ಪ ಬೈಕಿನಲ್ಲಿ ಬಿಡುತ್ತೇನೆ ಎಂದ. ಬೇಡ ಎಂದೆ. ಈಗ ಟಾರು ರಸ್ತೆ ನನಗಿಲ್ಲ. ಗದ್ದೆ ಬೇಡ ಎಂದಿದ್ದಾರೆ. ಉಳಿದದ್ದು ಕಾಲುವೆ ಏರಿ. ಏರಿಯ ಮೇಲೆ ನಡೆದರೆ ಸಾಕು, ಆ ಮನೆಯ ಕಡೆ ತಿರುಗಬೇಕಾಗಿಲ್ಲ, ಮಾತು ಮೀರಿದಂತಾಗುವುದಿಲ್ಲ ಎಂದು ಹೇಳಿಕೊಳ್ಳುತ್ತಾ ನಡೆದೆ. ಟ್ರಂಕಿನಲ್ಲಿದ್ದ ಪೊಟ್ಟಣ ನನ್ನ ಚೀಲಕ್ಕೆ ಹೇಗೆ ಬಂತು ಎಂದು 	ಯಾರಾದರೂ ಕೇಳಿದ್ದರೆ ಅದಾಗೇ ಬಂತು ಎನ್ನುತ್ತಿದ್ದೆ.

ಏರಿ ಇಳಿದರೆ ಮೊದಲ ಮನೆಯೇ ಅವರದು. ಕಾಲು ನಿಂತುಬಿಟ್ಟಿತು. ಅಂಗಳದಲ್ಲಿ ಪುಟ್ಟಸ್ವಾಮಿಯವರು, ಅಂದರೆ ಜೆಸ್ಸಿಯ ಮಾವ, ಹೊಗೆಸೊಪ್ಪನ್ನು ಬಣ್ಣ ನೋಡಿ ನೋಡಿ ಬೇರೆ ಮಾಡುತ್ತಿದ್ದರು. ತಲೆ ಎತ್ತಿ ಗುರುತು ಹಿಡಿದರು. ಒಳಗೆ ನೋಡಿ ಹೆಂಡತಿಯನ್ನು ಕೂಗಿದರು.

ವಿಮಲಮ್ಮ ಹೊರಗೆ ಬಂದು ಸೊಂಟಕ್ಕೆ ಕೈಕೊಟ್ಟು ನಿಂತರು. “ಓ, ಬೀಗಿತ್ತೀರು! ಅಂತೂ ದಾರಿ ಗೊತ್ತಾಯ್ತು ಅನ್ನಿ. ಬಾಣಂತನ ಅರ್ಧ ಮುಗುದ್ಮೇಲೆ.”

ಸರಿಯಾದ ಮಾತೇ. ಪೊಟ್ಟಣ ಚಾಚಿದೆ. ವಿಮಲಮ್ಮ ಅಲ್ಲೇ ಬಿಚ್ಚಿ ಒಂದೊಂದನ್ನೇ ಮೂಸಿದರು. ಬೋಳವನ್ನು ಬೆಳಕಿಗೆ ಹಿಡಿದರು.

“ಎಲ್ಲಿ ತಂದ್ರಿ ಇದ್ನ? ನಮ್ಮೋರು ತಂದಿದ್ದು ಕಲ್ಲಿನ ಚೂರು ಕಣ್ರೀ.” ಸ್ವರ ಒಂದಿಷ್ಟು ಇಳಿದಿತ್ತು.

“ಮೊದ್ಲು ನೀರ್ ಕೊಡೇ, ನಡ್ಕಂಡ್ ಬಂದವ್ರೆ” ಎಂದರು ಪುಟ್ಟಸ್ವಾಮಿ, ಸೊಪ್ಪಿನಿಂದ ತಲೆ ಎತ್ತದೆ.

“ಪವಿತ್ರಾ, ನಿಮ್ಮವ್ವ ಬಂದವ್ರೆ ನೋಡು!” ವಿಮಲಮ್ಮ ಒಳಕ್ಕೆ ಕೂಗಿದರು.

ಈ ಮನೆಯಲ್ಲಿ ಜೆಸ್ಸಿಯ ಹೆಸರು ಪವಿತ್ರಾ. ನನಗೆ ಗೊತ್ತಿರಲಿಲ್ಲ. ಚುಚ್ಚಿತು. ಒಳಗೆ ಬಾಣಂತಿ ಕೋಣೆಯ ಕತ್ತಲಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು ನನ್ನ ಜೆಸ್ಸಿ ಕೂತಿದ್ದಳು. ಕೊರಳಲ್ಲಿ ಕರಿಮಣಿ ಜೊತೆಗೆ ನಾನು ಹಾಕಿದ್ದ ಶಿಲುಬೆಯ ಸರ. ಓಡಿ ಬಂದು ಅಪ್ಪಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ಏಳಲಿಲ್ಲ.

“ಅಪ್ಪ ಕಳ್ಸುದ್ರಾ?” ಎಂದಳು.

ತಲೆ ತಗ್ಗಿಸಿದೆ. ಅವಳು ತಲೆಗೆ ಕಟ್ಟಿದ ಬಟ್ಟೆ ಬಿಗಿ ಮಾಡಿಕೊಂಡಳು.

ಮಗು ಅವಳ ಪಕ್ಕ ಚಾಪೆಯ ಮೇಲೆ ಹಳೆಯ ಸೀರೆಯ ಮಡಿಕೆಯಲ್ಲಿ ಮಲಗಿತ್ತು. ನಿಂತರೆ ಕಾಣಿಸುತ್ತಿರಲಿಲ್ಲ. ನನ್ನ ಮಂಡಿ ಎಂಥದೆಂದು ನನಗೇ ಗೊತ್ತು, ಚರ್ಚಿನಲ್ಲೂ ಬೆಂಚು ಹಿಡಿದು ಅರ್ಧ ಬಗ್ಗುವವಳು. ಇವತ್ತು ಎರಡೂ ಮಂಡಿ ನೆಲಕ್ಕೆ ಊರಿ, ಕೈ ಊರಿ, ಮುಖ ಹತ್ತಿರ ಒಯ್ದೆ. ಸಾಂಬ್ರಾಣಿ ಹೊಗೆಯ ವಾಸನೆ, ಹಾಲಿನ ವಾಸನೆ. ಮಗು ಕಣ್ಣು ಬಿಟ್ಟು ನನ್ನನ್ನು ನೋಡಿತು, ನನ್ನ ಪರಿಚಯ ಬೇಕಿಲ್ಲದಂತೆ ಆಕಳಿಸಿತು. ಎಷ್ಟು ಹೊತ್ತು ಹಾಗೇ ಇದ್ದೆನೋ. ಬಾಯಲ್ಲಿ ಜಪವಿರಲಿಲ್ಲ. ಇಷ್ಟು ತಿಂಗಳಲ್ಲಿ ಮೊದಲ ಸಲ ನನ್ನ ಕೈ ಬೇರೆ ಏನನ್ನೂ ಮಾಡುತ್ತಿರಲಿಲ್ಲ.

ಚಿನ್ನ ಇರಲಿಲ್ಲ. ಅಜ್ಜಿ ಮೊದಲ ಸಲ ನೋಡುವಾಗ ಒಂದು ಗುಲಗಂಜಿಯಷ್ಟಾದರೂ ಚಿನ್ನ ಇಡಬೇಕಿತ್ತು. ವಿಮಲಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಅದರ ಮಾತೆತ್ತಲಿಲ್ಲ.

“ಆ ಮೂಗು ನೋಡಿ ಕಣ್ರೀ” ಎಂದರು. “ನಮ್ಮೋರ ಏಳು ತಲೇಲಿ ಅಂಥ ಮೂಗಿಲ್ಲ. ಎಲ್ಲಿಂದ ತಂದ್ಳೋ.”

ಜೆಸ್ಸಿ ಆಗ ನಕ್ಕಳು. ನಗುತ್ತಲೇ ಅತ್ತಳು. ನಾನು ಎದ್ದಾಗ ಕೈ ಹಿಡಿದುಕೊಂಡಳು. “ಅಪ್ಪ ಬಾ ಅಂದ್ರೆ ಬತ್ತೀನಿ ಅಮ್ಮ, ಮಗೀನ ಎತ್ಕಂಡು. ಅವರಾಗೇ ಅನ್ಬೇಕು. ಅವ್ರು ಕಣ್ ಮುಚ್ಕಳೋದ್ನ ಇನ್ನೊಂದ್ಸಲ ನೋಡೋ ಶಕ್ತಿ ನಂಗಿಲ್ಲ.”

ಮಾತು ಸರಿಯಾಗಿ ಬಾರದ ಮನುಷ್ಯನಿಂದ ಆ ಮಾತನ್ನು ಎಲ್ಲಿಂದ ತರಲಿ?

ಮನೆಗೆ ಬಂದಾಗ ನೀಲಾಂಬಿಕೆ ಬೇಗ ಎದ್ದು ಹೋದಳು. ಇವರು ಎಚ್ಚರವಾಗಿದ್ದರು. ನನ್ನ ಸೀರೆಯಿಂದ ಬಾಣಂತಿ ಕೋಣೆಯ ಹೊಗೆ ಇನ್ನೂ ಹೋಗಿರಲಿಲ್ಲ. ಗೊತ್ತಾದರೆ ಏನು ಗತಿ ಎಂದು ಮಂಚದಿಂದ ದೂರವೇ ನಿಂತೆ. ಇವರು ನನ್ನನ್ನೇ ನೋಡುತ್ತಾ ಎಡಗೈ ಎತ್ತಿ ಮೂಗು ಮುಟ್ಟಿಕೊಂಡರು. ತುರಿಕೆಯಿರಬೇಕೆಂದು ಟವೆಲ್ ತಂದು ಒರೆಸಿದೆ. “ಬೇಡ” ಎಂದರು. ಮತ್ತೆ ಮೂಗು ಮುಟ್ಟಿಕೊಂಡರು. ಶೀತವಾಯಿತೇನೋ ಎಂದು ನೀಲಗಿರಿ ಎಣ್ಣೆ ಹಚ್ಚಿದೆ. ಘಾಟಿಗೆ ಇವರ ಕಣ್ಣಲ್ಲಿ ನೀರು ಬಂತು. “ಬೇಡ, ಬೇಡ” ಎಂದು ನನ್ನ ಕೈ ತಳ್ಳಿ ಗೋಡೆ ಕಡೆ ಮುಖ ಮಾಡಿಕೊಂಡರು.

ಎಲ್ಲಿ ಹೋಗಿದ್ದೆನೆಂದು ಹೇಳುವ ಧೈರ್ಯ ಬರಲಿಲ್ಲ.

ಜನವರಿ 3, ಶನಿವಾರ

ಜ್ವರವಿಲ್ಲ, ಕೆಮ್ಮಿಲ್ಲ. ಬೆಳಿಗ್ಗೆಯೂ ಎರಡು ಸಲ ಮೂಗು ಮುಟ್ಟಿಕೊಂಡರು. ಸೋಮವಾರ ಡಾಕ್ಟರಿಗೆ ತೋರಿಸಬೇಕು.

ನಾಳೆ ಹಬ್ಬ. ಭಾಷಣ ಒಂದಕ್ಷರ ಬರೆದಿಲ್ಲ. ಆದರೂ ಯಾಕೋ ಗಾಬರಿಯಿಲ್ಲ. ಬಟ್ಟೆ ಒಗೆಯುವಾಗ ಯಾವುದೋ ಕೀರ್ತನೆ ಹಾಡುತ್ತಿದ್ದೆನಂತೆ, ನೀಲಾಂಬಿಕೆ ಬೇಲಿಯಾಚೆಯಿಂದ ಕೂಗಿ ಹೇಳಿದಳು. ನನಗೆ ತಿಳಿಯಲಿಲ್ಲ.

ಜನವರಿ 4, ಭಾನುವಾರ

ಮೂರು ರಾಯರು ಗೋದಲಿ ಸೇರಿದರು. ಫಾದರ್ ನನ್ನ ಹೆಸರು ಕರೆದಾಗ ಬೆಂಚು ಹಿಡಿದು ಎದ್ದೆ. ಮೈಕಿನ ಮುಂದೆ ನಿಂತು, ಆ ಶಾಸ್ತ್ರಿಗಳಿಗೆ ಬುದ್ಧಿ ಹೇಳಬೇಕು ಎಂದುಕೊಂಡಿದ್ದವಳು ಅದನ್ನು ಬಿಟ್ಟುಬಿಟ್ಟೆ. ಬಾಯಿಗೆ ಬಂದದ್ದು ಇಷ್ಟು:

“ಜ್ಞಾನಿಗಳು ದಣಿದಿದ್ರು ಅಂತ ಸುವಾರ್ತೇಲಿ ಬರೆದಿಲ್ಲ. ಆದ್ರೆ ದಣಿದೇ ಇರ್ತಾರೆ. ಅಷ್ಟು ದೂರ ಬಂದು ನೋಡುದ್ರೆ ಅರಮನೆ ಇಲ್ಲ, ಒಂದು ಮನೆ, ಒಬ್ಬ ತಾಯಿ, ಒಂದು ಮಗು. ಮಗು ಕೆಳಗಿತ್ತು ಅನ್ಸುತ್ತೆ, ಅದಕ್ಕೇ ಮಂಡಿ ಊರುದ್ರು. ನಿಂತ್ಕೊಂಡ್ರೆ ಕಾಣಿಸ್ತಿರಲಿಲ್ಲ. ಬರುವಾಗ ನಕ್ಷತ್ರ ಇತ್ತು. ವಾಪಸ್ ಹೋಗುವಾಗ ನಕ್ಷತ್ರ ಇತ್ತು ಅಂತ ಎಲ್ಲೂ ಹೇಳಿಲ್ಲ, ದಾರಿನೂ ಹೊಸದು. ಆದ್ರೂ ಹೋದ್ರು. ಮಗುನ ನೋಡಿದ ಮೇಲೆ ಹಳೇ ದಾರೀಲಿ ಹೋಗೋಕೆ ಮನಸ್ಸು ಬರಲಿಲ್ಲವೇನೋ. ನಮ್ಮ ಬಾಳಿಗೂ ಅಷ್ಟೇ ಅಂದ್ಕೊಂಡಿದೀನಿ. ನಂಗೆ ಇನ್ನೇನೂ ಗೊತ್ತಿಲ್ಲ.”

ಕೂತುಕೊಂಡೆ. ಫಾದರ್ ಇನ್ನೂ ಇದೆಯೇನೋ ಎಂದು ಸ್ವಲ್ಪ ಕಾದರು.

ಹೊರಗೆ ಸವೇರಪ್ಪ ಸಿಕ್ಕ. “ಅಕ್ಕ, ಮೊನ್ನೆ ಕಾಲ್ವೆ ಏರಿ ಮೇಲೆ ಓದ್ರಲ್ಲ, ಅಷ್ಟು ಸುತ್ತು ಯಾಕೆ? ಇನ್ನಾಸಣ್ಣ ನಮ್ಮನೆಯಿಂದ ಯಾವಾಗ್ಲೂ ಗದ್ದೆ ಮೇಲೇ ಓಗೋರು.”

“ಜಾರ್ತದೆ, ಬ್ಯಾಡ ಅಂದ್ರು ಕಣಪ್ಪ.”

“ಜಾರೋದಾ?” ಸವೇರಪ್ಪ ನಕ್ಕ. “ಕುಯ್ಲಾಗಿ ಒಣಗಿ ಬಿರುಕ್ ಬುಟ್ಟದೆ. ಟ್ರಾಕ್ಟರ್ ಓಡಾಡ್ತಾವೆ ಅಲ್ಲಿ.”

ಕುಯ್ಲಾಗಿದೆ ಎಂದು ಇವರಿಗೆ ಗೊತ್ತಿತ್ತು. ನೀಲಾಂಬಿಕೆ ಒಂದೊಂದು ಗದ್ದೆಯ ಸುದ್ದಿಯನ್ನೂ ಹೇಳಿದ್ದಳು. ಗದ್ದೆ ಬೇಡವೆಂದರೆ ಮರಳಲು ಉಳಿಯುವುದು ಕಟ್ಟೆಮಳಲವಾಡಿಯ ದಾರಿಯೊಂದೇ ಎಂದೂ ಗೊತ್ತಿತ್ತು. ನಾನು ಅಲ್ಲೇ ಚರ್ಚಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಸವೇರಪ್ಪ ಗಾಬರಿಯಾಗಿ ನೀರು ತಂದ.

ಮನೆಗೆ ಬಂದು ಹಬ್ಬದ ಸೀರೆಯನ್ನೂ ಬಿಚ್ಚದೆ ಇವರ ಮಂಚದ ಮೇಲೆ ಕೂತೆ.

“ಗದ್ದೆ ಒಣಗದಂತಲ್ರೀ” ಎಂದೆ.

ಇವರು ಕಿಟಕಿ ಕಡೆ ನೋಡಿದರು. ಕಳ್ಳತನ ಸಿಕ್ಕಿಬಿದ್ದವರ ಹಾಗೆ. ಆಮೇಲೆ ಎಡಗೈ ನಿಧಾನವಾಗಿ ಎದ್ದು ಮೂಗಿನ ಮೇಲೆ ಕೂತಿತು. ನನ್ನನ್ನು ನೋಡಿದರು. ಈ ಸಲ ನಾನು ಟವೆಲ್ ತರಲಿಲ್ಲ.

“ಹೂಂ ಕಣ್ರೀ. ನಿಮ್ದೇ. ಉದ್ದಕ್ಕದೆ, ತುದಿ ಬಾಗದೆ. ಎಲ್ಲಿಂದ ತಂದ್ಳೋ ಅಂತ ಅವಳತ್ತೆ ತಲೆ ಕೆರ್ಕೋತಾವ್ರೆ.”

ಇವರ ಬಾಯಿಯ ಒಂದು ಕಡೆ ಮಾತ್ರ ನಗುತ್ತದೆ ಈಗ. ಆ ಒಂದು ಕಡೆ ನಕ್ಕಿತು, ಎರಡೂ ಕಣ್ಣಲ್ಲಿ ನೀರು ಹರಿಯಿತು. ಇವರನ್ನು ಎರಡು ದಿನ ಕಾಯಿಸಿ, ಎಣ್ಣೆ ಹಚ್ಚಿ ಸತಾಯಿಸಿದ್ದಕ್ಕೆ ನಾನು ಅತ್ತೆ. ಆಮೇಲೆ ಫೋನು ತಂದು ಜೆಸ್ಸಿಯ ನಂಬರು ತೆಗೆದು ಇವರ ಮುಂದೆ ಹಿಡಿದೆ.

“ಏನ್ ಯೋಳ್ಲಿ ಅವಳಿಗೆ? ನೀವೇ ಅನ್ಬೇಕಂತೆ.”

ತುಟಿ ಅದುರಿತು. “ಬ...” ಎಂಬ ಸದ್ದು ಹೊರಟಿತು. ಬೇಡ ಎಂದುಬಿಡುತ್ತಾರೇನೋ ಎಂದು ಹೆದರಿದೆ, ಅದೂ ಅದೇ ಅಕ್ಷರದಿಂದ ಶುರುವಾಗುವ ಮಾತು.

“ಬಾ” ಎಂದರು.

ಸ್ಪಷ್ಟವಾಗಿಯೇ ಕೇಳಿಸಿತು. ಆದರೂ “ಕೇಳಿಸ್ಲಿಲ್ಲ, ಇನ್ನೊಂದ್ಸಲ ಅನ್ನಿ” ಎಂದೆ.